ಹಳೇ ಕ್ಯಾಬಿನೆಟ್ಟಿಗೆ ವಾಟರ್ ಕೂಲಿಂಗ್: ಒಂದು ಎಡಿಟಿಂಗ್ ಸಿಸ್ಟಂನ ಪ್ರಕರಣ ಅಧ್ಯಯನ

ದಾವಣಗೆರೆಯಲ್ಲಿ ಮದುವೆ ವಿಡಿಯೋ ಮಾಡುವ ಗೆಳೆಯನೊಬ್ಬ ಇದ್ದಾನೆ. ಅವನ ಸ್ಟುಡಿಯೋದ ಎಡಿಟಿಂಗ್ ಸಿಸ್ಟಂ ಒಳಗೆಲ್ಲ ಈಚಿನದು: ರೈಝೆನ್ 7 5800ಎಕ್ಸ್ ಪ್ರೊಸೆಸರ್, ಮೈಕ್ರೋ ಎಟಿಎಕ್ಸ್ ಅಳತೆಯ ಮದರ್‌ಬೋರ್ಡ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ಹೊರಗಿನ ಕ್ಯಾಬಿನೆಟ್ ಮಾತ್ರ ಪೆಂಟಿಯಂ 4 ಕಾಲದ್ದು. ಬಿಳಿ ಇದ್ದದ್ದು ಹಳದಿಯಾಗಿದೆ. ಫ್ಲಾಪಿ ಡ್ರೈವಿನ ಜಾಗ ಇನ್ನೂ ಹಾಗೇ ಇತ್ತು. ಈ ಕ್ಯಾಬಿನೆಟ್ಟಿನೊಳಗೆ 240 ಮಿ.ಮೀ. ರೇಡಿಯೇಟರ್ ಇರುವ ವಾಟರ್ ಕೂಲರ್ ಕೂರಿಸಿದೆವು. ಇದರಲ್ಲಿ ಪ್ರೊಸೆಸರ್ ಮೇಲೆ ಕೂರುವ ಪಂಪು ಬಿಸಿಯಾದ ದ್ರವವನ್ನು ನಳಿಗೆಯಲ್ಲಿ ರೇಡಿಯೇಟರಿಗೆ ಕಳಿಸುತ್ತದೆ, ಅಲ್ಲಿ ಫ್ಯಾನಿನ ಗಾಳಿ ಅದನ್ನು ಆರಿಸುತ್ತದೆ. ಆ ಕೆಲಸವನ್ನು ಮೊದಲಿಂದ ಬರೆಯುತ್ತಿದ್ದೇನೆ. ಅಳತೆ, ವಾಟ್, ಡಿಗ್ರಿ ಎಲ್ಲವೂ ಇದರಲ್ಲಿದೆ. ಹಳೇ ಕ್ಯಾಬಿನೆಟ್ ಇಟ್ಟುಕೊಂಡು ಇದೇ ಯೋಚನೆಯಲ್ಲಿ ಇರುವವರು ಕಟ್ಟಿಂಗ್ ಮಷೀನ್ ಕೈಗೆ ತಗೊಳ್ಳುವ ಮೊದಲು ಇದನ್ನು ಓದಲಿ ಅನ್ನುವುದು ನನ್ನ ಆಸೆ.

ತೊಂದರೆ ಶುರುವಾಗುತ್ತಿದ್ದದ್ದು ಬೇಸಿಗೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆ ಜಾಸ್ತಿ, ದಾವಣಗೆರೆಯಲ್ಲಿ ಬಿಸಿಲೂ ಜಾಸ್ತಿ. ಎಡಿಟ್ ಮಾಡಿದ್ದು ಕೊನೆಯ ಫೈಲ್ ಆಗಲು ರಾತ್ರಿ ಒಂದರ ಹಿಂದೆ ಒಂದು ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ ಮಲಗುವುದು ಅವನ ರೂಢಿ. ಎಕ್ಸ್‌ಪೋರ್ಟ್ ಶುರುವಾದ ಸ್ವಲ್ಪ ಹೊತ್ತಿಗೆ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿತ್ತು. 5800ಎಕ್ಸ್‌ಗೆ ಅದೇ ಮಿತಿ. ಅಲ್ಲಿಂದ ಮುಂದೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಫ್ಯಾನ್ ಮಾತ್ರ ಕಿರುಚುತ್ತಲೇ ಇರುತ್ತಿತ್ತು. ಅದೇ ಕೋಣೆಯಲ್ಲಿ ಕೂತು ವಾಯ್ಸ್ ಓವರ್ ರೆಕಾರ್ಡ್ ಮಾಡುವ ಮಾತೇ ಇರಲಿಲ್ಲ.

ಈ ಪ್ರೊಸೆಸರ್ ಬಗ್ಗೆ ಒಂದು ಮಾತು. ಪೆಟ್ಟಿಗೆಯ ಮೇಲೆ 105 ವಾಟ್ ಅಂತ ಇರುತ್ತದೆ. ನಿಜಕ್ಕೂ ಪ್ರೊಸೆಸರ್ ಕೂರುವ ಸಾಕೆಟ್ಟಿಗೆ ಬಿಡುವ ಕರೆಂಟಿನ ಮಿತಿ 142 ವಾಟ್. ಪೆಟ್ಟಿಗೆಯಲ್ಲಿ ಕೂಲರ್ ಕೊಡುವುದಿಲ್ಲ, ಬೇರೆ ಕೊಳ್ಳಬೇಕು. ಎಂಟು ಕೋರ್‌ಗಳೂ ಸುಮಾರು 81 ಚದರ ಮಿ.ಮೀ. ಇರುವ ಒಂದೇ ಸಿಲಿಕಾನ್ ಚೂರಿನಲ್ಲಿವೆ. ಬಿಸಿಗೆ ಹೆಸರಾಗಿದ್ದ ಪೆಂಟಿಯಂ 4 ಪ್ರೆಸ್ಕಾಟ್ ಚಿಪ್ಪು 112 ಚದರ ಮಿ.ಮೀ. ಇತ್ತು, ಅದರ ದೊಡ್ಡ ಮಾಡೆಲ್ಲಿನ ಅಂಕಿ 115 ವಾಟ್. ಅಂದರೆ ಈಗಿನದು ಅದಕ್ಕಿಂತ ಜಾಸ್ತಿ ಬಿಸಿಯನ್ನು ಅದಕ್ಕಿಂತ ಚಿಕ್ಕ ಜಾಗದಿಂದ ಹೊರಗೆ ಹಾಕಬೇಕು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ವಾಟರ್ ಕೂಲರ್ ಹಾಕಿದ ಮೇಲೂ ಈ ಪ್ರೊಸೆಸರ್ 60 ಡಿಗ್ರಿಯಲ್ಲಿ ಓಡುವುದಿಲ್ಲ.

ಬೇರೆ ಕ್ಯಾಬಿನೆಟ್ ಯಾಕೆ ತಗೊಳ್ಳಲಿಲ್ಲ

ಯಾರೇ ಕೇಳಿದರೂ ಮೊದಲು ಹೇಳುವುದು ಇದನ್ನೇ. ಮುಂದೆ ಜಾಲರಿ ಇರುವ ಒಳ್ಳೇ ಕ್ಯಾಬಿನೆಟ್ ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ನಾನೂ ಅದನ್ನೇ ಹೇಳಿದ್ದೆ. ಅಡ್ಡ ಬಂದದ್ದು ಮೇಜು. ಸ್ಟುಡಿಯೋದ ಎಡಿಟಿಂಗ್ ಮೇಜನ್ನು ಬಡಗಿ ಗೋಡೆಗೆ ಸೇರಿಸಿ ಎಲ್ ಆಕಾರದಲ್ಲಿ ಮಾಡಿದ್ದಾನೆ. ಕ್ಯಾಬಿನೆಟ್ ಇಡಲು ಪ್ಲೈವುಡ್ಡಿನ ಗೂಡು ಬಿಟ್ಟಿದ್ದಾನೆ. ಗೂಡಿನ ಅಗಲ 200 ಮಿ.ಮೀ. ಹಳೇ ಕ್ಯಾಬಿನೆಟ್ ಅಗಲ 180. ಈಗ ಬರುವ ಕ್ಯಾಬಿನೆಟ್‌ಗಳು ಹೆಚ್ಚಿನವು 210ಕ್ಕಿಂತ ಅಗಲ. ಹೊಸದು ತಂದರೆ ಅದು ನೆಲದ ಮೇಲೆ, ಕಾಲಿಗೆ ಸಿಗುವ ಜಾಗದಲ್ಲಿ, ಧೂಳಿನಲ್ಲಿ ಕೂರಬೇಕು. ಇಲ್ಲವೇ ಮೇಜು ಒಡೆಯಬೇಕು.

ಇನ್ನೊಂದು ಕಾರಣ ಡಿವಿಡಿ ರೈಟರ್. ಹಳ್ಳಿ ಕಡೆಯ ಗಿರಾಕಿಗಳಲ್ಲಿ ಕೆಲವರು ಇವತ್ತಿಗೂ ಮದುವೆ ವಿಡಿಯೋವನ್ನು ಡಿವಿಡಿಯಲ್ಲಿ ಕೇಳುತ್ತಾರೆ. ಹೊಸ ಕ್ಯಾಬಿನೆಟ್‌ಗಳಲ್ಲಿ ಅದನ್ನು ಕೂರಿಸುವ ಐದೂಕಾಲು ಇಂಚಿನ ಜಾಗವೇ ಇರುವುದು ಅಪರೂಪ. ಜೊತೆಗೆ ಈ ಕ್ಯಾಬಿನೆಟ್ ಅವನ ಅಣ್ಣ ಸ್ಟುಡಿಯೋ ಶುರು ಮಾಡಿದಾಗ ತಂದದ್ದು. ಅದನ್ನು ಗುಜರಿಗೆ ಹಾಕಲು ಇಬ್ಬರಿಗೂ ಮನಸ್ಸಿಲ್ಲ. ಇಂಥ ಕಾರಣಕ್ಕೆ ನಾನು ಪೂರ್ತಿ ಬೆಲೆ ಕೊಡುತ್ತೇನೆ. ಒಂದು ಸಾಮಾನಿನ ಜೊತೆ ಇಷ್ಟು ವರ್ಷ ದುಡಿದವರಿಗೆ ಅದು ಬರೀ ತಗಡಲ್ಲ.

ಹಾಗಾದರೆ ಗಾಳಿಯ ಕೂಲರನ್ನೇ ದೊಡ್ಡದು ಹಾಕಬಹುದಿತ್ತಲ್ಲ? ಜಾಗ ಇಲ್ಲ. ಪ್ರೊಸೆಸರ್ ತಲೆಯಿಂದ ಪಕ್ಕದ ಬಾಗಿಲಿಗೆ ಅಳೆದರೆ 138 ಮಿ.ಮೀ. ಇತ್ತು. 120 ಮಿ.ಮೀ. ಫ್ಯಾನಿನ ಟವರ್ ಕೂಲರ್‌ಗಳು 155ರಿಂದ 160 ಮಿ.ಮೀ. ಎತ್ತರ ಇರುತ್ತವೆ. ಅದಕ್ಕೇ ಸಿಸ್ಟಂ ಕಟ್ಟಿಕೊಟ್ಟವರು ಕೆಳಮುಖವಾಗಿ ಗಾಳಿ ಬಿಡುವ ಗಿಡ್ಡ ಕೂಲರ್ ಹಾಕಿದ್ದರು. ಪಂಪಿನ ಎತ್ತರ ಐದಾರು ಸೆಂಟಿಮೀಟರ್ ಅಷ್ಟೇ. ಬಿಸಿಯನ್ನು ನಳಿಗೆಯಲ್ಲಿ ಬೇರೆ ಕಡೆ ಸಾಗಿಸಿ ಅಲ್ಲಿ ಆರಿಸಬಹುದು. ಅಗಲ ಕಡಿಮೆ ಇರುವ ಹಳೇ ಕ್ಯಾಬಿನೆಟ್ಟಿಗೆ ವಾಟರ್ ಕೂಲಿಂಗ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಮೊದಲು ಕತ್ತರಿಸಿದ್ದು ಮೇಜನ್ನು

ಕ್ಯಾಬಿನೆಟ್ ಮುಟ್ಟುವ ಮೊದಲು ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ ಅಂತ ನೋಡಿದೆವು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಇದಕ್ಕೆ ಸಾಕು. ಕೋಣೆಯಲ್ಲಿ 36 ಡಿಗ್ರಿ. ಗೂಡಿನೊಳಗೆ, ಕ್ಯಾಬಿನೆಟ್ಟಿನ ಬಾಯಿ ಹತ್ತಿರ 44. ಎಂಟು ಡಿಗ್ರಿ ಎಲ್ಲಿಂದ ಬಂತು? ಗೂಡಿನ ಹಿಂಬದಿಯನ್ನು ಪ್ಲೈವುಡ್ ಹಾಕಿ ಮುಚ್ಚಿದ್ದರು. ವೈರ್ ಬರಲು ಒಂದು ಸಣ್ಣ ತೂತು ಅಷ್ಟೇ. ಹಿಂದೆ ಹೋದ ಬಿಸಿ ಗಾಳಿ ಪಕ್ಕದ ಸಂದಿಯಿಂದ ತಿರುಗಿ ಮುಂದಕ್ಕೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗಿಸಿದ ಹಾಗೆ.

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಲ್ಲಿ ಪ್ರೊಸೆಸರ್ ಎದುರಿಗೆ ಒಂದು ಪ್ಲಾಸ್ಟಿಕ್ ಕೊಳವೆಯೂ ಇತ್ತು. 2003ರ ಹೊತ್ತಿಗೆ ಇಂಟೆಲ್ ಕ್ಯಾಬಿನೆಟ್ ತಯಾರಕರಿಗೆ ಕೊಟ್ಟ ವಿನ್ಯಾಸ ಅದು. ಹೊರಗಿನ ತಣ್ಣಗಿನ ಗಾಳಿ ನೇರ ಪ್ರೊಸೆಸರ್ ಫ್ಯಾನಿಗೆ ಸಿಗಬೇಕು, ಆ ಗಾಳಿ 38 ಡಿಗ್ರಿ ದಾಟಬಾರದು ಅನ್ನುವುದು ಅದರ ಗುರಿ. ಒಳ್ಳೇ ಯೋಚನೆಯೇ. ಆದರೆ ಇಲ್ಲಿ ಆ ಕೊಳವೆಯ ಬಾಯಿಗೆ ಒಂದೇ ಸೆಂಟಿಮೀಟರ್ ದೂರದಲ್ಲಿ ಪ್ಲೈವುಡ್ ಗೋಡೆ.

ಬಡಗಿಯನ್ನು ಕರೆಸಿ ಗೂಡಿನ ಹಿಂಬದಿ ಪ್ಲೈವುಡ್ ತೆಗೆಸಿದೆವು. ಕ್ಯಾಬಿನೆಟ್ಟಿಗೂ ಗೂಡಿಗೂ ನಡುವಿನ ಸಂದಿಗೆ ಮುಂಭಾಗದಲ್ಲಿ ಫೋಮ್ ಪಟ್ಟಿ ಅಂಟಿಸಿದೆವು. ಹಿಂದಿನ ಗಾಳಿ ಮುಂದೆ ಬರುವ ದಾರಿ ಬಂದ್ ಆಯಿತು. ಬಾಯಿ ಹತ್ತಿರದ ಗಾಳಿ 44ರಿಂದ 38ಕ್ಕೆ ಇಳಿಯಿತು.

ಆಮೇಲೆ ನೋಡಿದರೆ ಪ್ರೊಸೆಸರ್ ಆಗಲೂ 90 ಡಿಗ್ರಿಯಲ್ಲೇ ಇತ್ತು. ಗೆಳೆಯನಿಗೆ ಬೇಸರವಾಯಿತು. ‘ಏನಪ್ಪಾ, ಅಷ್ಟಕ್ಕಷ್ಟೇ ಆಯ್ತಲ್ಲ’ ಅಂದ. ಇಲ್ಲಿ ಡಿಗ್ರಿ ನೋಡಬಾರದು, ವಾಟ್ ನೋಡಬೇಕು. ಮಿತಿ ಮುಟ್ಟಿದ ಪ್ರೊಸೆಸರ್ ಯಾವಾಗಲೂ 90ನ್ನೇ ತೋರಿಸುತ್ತದೆ. ಆ 90ರಲ್ಲಿ ಎಷ್ಟು ವಾಟ್ ಕೆಲಸ ಮಾಡುತ್ತಿದೆ ಅನ್ನುವುದು ನಿಜವಾದ ಅಳತೆ. ಮೇಜು ಕತ್ತರಿಸುವ ಮೊದಲು ಅದು 92 ವಾಟ್‌ಗೆ ಇಳಿಯುತ್ತಿತ್ತು. ಕತ್ತರಿಸಿದ ಮೇಲೆ 104. ಕೂಲರ್ ಅದೇ, ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಅದೇ. ಬರೀ ಪ್ಲೈವುಡ್ ತೆಗೆದದ್ದಕ್ಕೆ 12 ವಾಟ್ ಸಿಕ್ಕಿತು.

ನಿಮ್ಮ ಸಿಸ್ಟಂ ಮೇಜಿನ ಗೂಡಿನಲ್ಲಿದ್ದರೆ ಇಷ್ಟು ಮಾಡಿ ಮೊದಲು ನೋಡಿ. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಕರೆಂಟ್ ಉಳಿಸುವ ಇಕೋ ಮೋಡ್ ಹಾಕಿ ವಾಟ್ ಮಿತಿಯನ್ನು 88ಕ್ಕೆ ಇಳಿಸಿಯೂ ನೋಡಬಹುದು. ಎಷ್ಟೋ ಜನರಿಗೆ ಅಷ್ಟರಲ್ಲೇ ಮುಗಿಯುತ್ತದೆ. ಇವನಿಗೆ ಪೂರ್ತಿ ವೇಗವೂ ಬೇಕಿತ್ತು, ಸದ್ದೂ ಕಡಿಮೆಯಾಗಬೇಕಿತ್ತು. ಹಾಗಾಗಿ ಮುಂದೆ ಹೋದೆವು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆಗ ಸಿಸ್ಟಂ ಬಿಚ್ಚೋಣ ಅಂತ ನಿಶ್ಚಯವಾಯಿತು.

ರೇಡಿಯೇಟರ್ ಎಲ್ಲಿ ಕೂರುತ್ತದೆ

2000ದ ಮೊದಲ ವರ್ಷಗಳಲ್ಲಿ ಹೊರದೇಶದ ಹವ್ಯಾಸಿಗಳು ಕಾರಿನ ಹೀಟರಿನ ಪುಟ್ಟ ರೇಡಿಯೇಟರ್, ಅಕ್ವೇರಿಯಂ ಪಂಪು ಸೇರಿಸಿ ಇಂಥ ಕೂಲರ್ ತಾವೇ ಮಾಡಿಕೊಳ್ಳುತ್ತಿದ್ದರು. 2004ರಲ್ಲಿ ಆಪಲ್ ತನ್ನ 2.5 ಗಿಗಾಹರ್ಟ್ಸ್ ಪವರ್ ಮ್ಯಾಕ್ ಜಿ5ಕ್ಕೆ ಕಾರ್ಖಾನೆಯಲ್ಲೇ ನೀರಿನ ಕೂಲಿಂಗ್ ಹಾಕಿತು. ಅಂಗಡಿಯಿಂದ ತಂದು ಸೀದಾ ಕೂರಿಸುವ, ಸೀಲ್ ಮಾಡಿದ ಕೂಲರ್ ಸಾಮಾನ್ಯ ಜನರ ಕೈಗೆ ಬಂದದ್ದು 2009ರ ಕೋರ್ಸೇರ್ ಎಚ್50 ಹೊತ್ತಿಗೆ. ನಮ್ಮ ಕ್ಯಾಬಿನೆಟ್ ಅದಕ್ಕಿಂತ ಹಳೆಯದು. ಅದರಲ್ಲಿ ರೇಡಿಯೇಟರಿಗೆ ಜಾಗ ಯಾಕೆ ಇರುತ್ತದೆ? ಮುಂದೆ 80 ಮಿ.ಮೀ. ಫ್ಯಾನಿನ ಜಾಗ ಒಂದು, ಹಿಂದೆ ಒಂದು. ಅಷ್ಟೇ.

ಬಿಡಿ ಭಾಗ ತಂದು ಕಟ್ಟುವ ಕಸ್ಟಮ್ ಲೂಪ್ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಅದಕ್ಕೆ ಆಗಾಗ ದ್ರವ ಬದಲಿಸಬೇಕು. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬ್ಲಾಕಿನ ಜೊತೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ. ದಿನಾ ದುಡಿಯುವ ಸ್ಟುಡಿಯೋಗೆ ಆ ಉಸಾಬರಿ ಸಲ್ಲ. ಸೀಲ್ ಮಾಡಿದ ಎಐಒ (ಆಲ್ ಇನ್ ಒನ್, ಎಲ್ಲ ಸೇರಿಯೇ ಬರುವ) ಕೂಲರ್‌ಗಳಲ್ಲೂ ಈ ಎರಡು ಲೋಹ ಒಟ್ಟಿಗೆ ಇರುವುದುಂಟು. ಅದನ್ನು ತಡೆಯುವ ರಾಸಾಯನಿಕವನ್ನು ದ್ರವದಲ್ಲೇ ಸೇರಿಸಿರುತ್ತಾರೆ, ನಾವು ಬಿಚ್ಚುವುದಿಲ್ಲ.

ಈಗ ಜಾಗ. ಕ್ಯಾಬಿನೆಟ್ಟಿನ ಮೇಲ್ಭಾಗದ ಹಿಂದಿನ ಅರ್ಧವನ್ನು ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ತಿಂದಿದೆ, ಮುಂದಿನ ಅರ್ಧವನ್ನು ಡಿವಿಡಿ ಗೂಡು. ಹಿಂದಿನ ಗೋಡೆಯಲ್ಲಿ 120 ಮಿ.ಮೀ. ಅಗಲವೇ ಸಿಗುವುದಿಲ್ಲ. ಹೊರಗೆ ನೇತುಹಾಕಿದರೆ ಗೂಡಿನೊಳಗೆ ಹೋಗುವುದಿಲ್ಲ. ಉಳಿದದ್ದು ಮುಂದಿನ ಗೋಡೆ.

240ರ ರೇಡಿಯೇಟರ್ ಅಂದರೆ ಉದ್ದ 240 ಅಲ್ಲ, ಅದು 120ರ ಎರಡು ಫ್ಯಾನಿನ ಲೆಕ್ಕ. ಎರಡು ಕಡೆಯ ನೀರಿನ ತೊಟ್ಟಿ ಸೇರಿ ನಾವು ತಂದದ್ದು 277 ಮಿ.ಮೀ. ಉದ್ದ, 120 ಅಗಲ, 27 ದಪ್ಪ. ಫ್ಯಾನ್ 25 ಸೇರಿದರೆ ದಪ್ಪ 52. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ ಬರುವವರು ಈ 37 ಮಿಲಿಮೀಟರನ್ನು ಲೆಕ್ಕಕ್ಕೆ ಹಿಡಿಯಬೇಕು. ಕ್ಯಾಬಿನೆಟ್ಟಿನ ಒಳ ಎತ್ತರ 400. ಮೇಲೆ 15 ಮಿ.ಮೀ. ತಗಡಿನ ಮಡಿಕೆ. ಆಮೇಲೆ ಐದೂಕಾಲು ಇಂಚಿನ ನಾಲ್ಕು ಗೂಡುಗಳು. ಒಂದೊಂದು ಸುಮಾರು 42. ಮೇಲಿನ ಎರಡನ್ನು ಉಳಿಸಿಕೊಂಡರೆ 84. ಉಳಿಯುವುದು 301. 277 ಕೂತು 24 ಮಿಕ್ಕುತ್ತದೆ. ಅದಕ್ಕಾಗಿ ಕೆಳಗಿನ ಎರಡು ಡಿವಿಡಿ ಗೂಡು, ಫ್ಲಾಪಿ ಗೂಡು, ಹಾರ್ಡ್ ಡಿಸ್ಕ್ ಪಂಜರ ಎಲ್ಲ ಹೋಗಬೇಕು. ಮೇಲಿನ ಒಂದು ಗೂಡಿನಲ್ಲಿ ಡಿವಿಡಿ ರೈಟರ್, ಇನ್ನೊಂದರಲ್ಲಿ ಬ್ರಾಕೆಟ್ ಹಾಕಿ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ತಳಕ್ಕೆ.

ನಳಿಗೆ ಮೇಲೋ ಕೆಳಗೋ ಅನ್ನುವುದು ಮುಂದಿನ ಪ್ರಶ್ನೆ. ಎಂಥ ಸೀಲ್ ಮಾಡಿದ ಕೂಲರಿನಲ್ಲೂ ಸ್ವಲ್ಪ ಗಾಳಿ ಇರುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ನಳಿಗೆಯ ಮೂಲಕ ದ್ರವ ಸ್ವಲ್ಪ ಸ್ವಲ್ಪ ಆವಿಯಾಗಿ ಗಾಳಿ ಹೆಚ್ಚುತ್ತದೆ. ಗಾಳಿ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಸೇರುತ್ತದೆ. ಆ ಜಾಗ ಪಂಪು ಆಗಿರಬಾರದು. ನಮ್ಮಲ್ಲಿ ಪ್ರೊಸೆಸರ್ ಮೇಲಿನಿಂದ 180 ಮಿ.ಮೀ. ಕೆಳಗಿದೆ, ರೇಡಿಯೇಟರಿನ ತುದಿ ಸುಮಾರು 110 ಮಿ.ಮೀ. ಕೆಳಗಿದೆ. ಅಂದರೆ ಪಂಪಿಗಿಂತ ಏಳು ಸೆಂಟಿಮೀಟರ್ ಎತ್ತರ. ಒಳ್ಳೆಯದು. ನಳಿಗೆ ಕೆಳಗೆ ಇಟ್ಟರೆ ಗಾಳಿ ರೇಡಿಯೇಟರಿನ ಮೇಲ್ತುದಿಯಲ್ಲಿ ನಿಲ್ಲುತ್ತದೆ, ನಳಿಗೆಯೊಳಗೆ ಬಂದು ಗೊರಗೊರ ಸದ್ದು ಮಾಡುವುದಿಲ್ಲ. ಆದರೆ ನಳಿಗೆಯ ಉದ್ದ 400 ಮಾತ್ರ. ಅಷ್ಟೇ ಉದ್ದದ ದಪ್ಪ ದಾರ ಕತ್ತರಿಸಿ, ಗ್ರಾಫಿಕ್ಸ್ ಕಾರ್ಡಿನ ಮೂತಿ ಸುತ್ತಿ ಬಂದು ನೋಡಿದೆವು. ಮುಟ್ಟಿತು. ಕಾರ್ಡ್ 230 ಮಿ.ಮೀ. ಉದ್ದದ್ದು ಆದ್ದರಿಂದ ಮುಂದೆ ನಳಿಗೆ ಬಾಗಲು ಜಾಗ ಇತ್ತು. 300ರ ಕಾರ್ಡ್ ಆಗಿದ್ದರೆ ಆಗುತ್ತಿರಲಿಲ್ಲ.

ಫ್ಯಾನ್ ರೇಡಿಯೇಟರಿನ ಮುಂದೋ ಹಿಂದೋ? ತಳ್ಳಿದರೂ ಎಳೆದರೂ ತಂಪಿನಲ್ಲಿ ವ್ಯತ್ಯಾಸ ಕಡಿಮೆ. ವ್ಯತ್ಯಾಸ ಇರುವುದು ಧೂಳಿನಲ್ಲಿ. ಫ್ಯಾನ್ ಮುಂದಿದ್ದರೆ ಧೂಳು ಫ್ಯಾನಿಗೂ ರೇಡಿಯೇಟರಿಗೂ ನಡುವೆ ಹಾಸಿಗೆ ಹಾಸುತ್ತದೆ. ಅದು ಕಣ್ಣಿಗೆ ಬೀಳುವುದೇ ಇಲ್ಲ. ಕ್ಲೀನ್ ಮಾಡಲು ಎಲ್ಲ ಬಿಚ್ಚಬೇಕು. ಫ್ಯಾನ್ ಒಳಗಿದ್ದು ಎಳೆದರೆ ಧೂಳು ರೇಡಿಯೇಟರಿನ ಮುಖದ ಮೇಲೇ ಕೂರುತ್ತದೆ. ಮುಂದಿನ ಪ್ಲಾಸ್ಟಿಕ್ ಮುಖ ಕಿತ್ತರೆ ಬ್ರಷ್ ಹಾಕಬಹುದು. ನಮ್ಮ ಊರಿನ ಧೂಳಿಗೆ ಎಳೆಯುವುದೇ ಸರಿ.

ತಗಡಿನ ಕೆಲಸ

ಮದರ್‌ಬೋರ್ಡಿಂದ ಹಿಡಿದು ಪವರ್ ಬಟನ್ನಿನ ವೈರ್‌ವರೆಗೆ ಎಲ್ಲ ಹೊರಗೆ ತೆಗೆದೆವು. ಇದರಲ್ಲಿ ರಿಯಾಯಿತಿ ಇಲ್ಲ. ಕಬ್ಬಿಣದ ಒಂದು ಸಣ್ಣ ಚೂರು ಬೋರ್ಡಿನ ಮೇಲೆ ಉಳಿದರೆ ಸಾಕು, ಶಾರ್ಟ್ ಆಗಿ ಎಲ್ಲ ಹೋಗುತ್ತದೆ.

ಹಳೇ ಕ್ಯಾಬಿನೆಟ್ಟುಗಳ ಒಳ್ಳೇ ಗುಣ ಅಂದರೆ ರಿವೆಟ್. ಪಂಜರವನ್ನು ಗ್ರೈಂಡರ್ ಹಾಕಿ ಕೊಯ್ಯುವ ಅಗತ್ಯವೇ ಇಲ್ಲ. ರಿವೆಟ್ ತಲೆಯ ಮಧ್ಯದ ಗುಳಿಗೆ 3.5 ಮಿ.ಮೀ. ಬಿಟ್ ಇಟ್ಟು ನಿಧಾನಕ್ಕೆ ಡ್ರಿಲ್ ಮಾಡಿದರೆ ತಲೆ ಉಂಗುರದ ಹಾಗೆ ಬಿಟ್ಟಿಗೆ ಸಿಕ್ಕಿಕೊಂಡು ಬರುತ್ತದೆ, ಉಳಿದ ಕಾಂಡವನ್ನು ಪಂಚ್‌ನಿಂದ ತಟ್ಟಿದರೆ ಆಚೆ ಬೀಳುತ್ತದೆ. ಹಾರ್ಡ್ ಡಿಸ್ಕ್ ಪಂಜರ ಪೂರ್ತಿಯಾಗಿ ಹೀಗೇ ಬಂತು. ಡಿವಿಡಿ ಗೂಡುಗಳು ಮಾತ್ರ ಮೇಲಿಂದ ಕೆಳಗಿನವರೆಗೆ ಒಂದೇ ತಗಡಿನ ಎರಡು ಗೋಡೆ. ಅದನ್ನು ಎರಡನೇ ಗೂಡಿನ ಕೆಳಗೆ ಗೀಟು ಹಾಕಿ ಕಟ್ ಮಾಡಬೇಕಾಯಿತು.

ಇಲ್ಲಿ ಒಂದು ಅಪಾಯ ಇದೆ. ಆ ಪಂಜರ ಬರೀ ಹಾರ್ಡ್ ಡಿಸ್ಕ್ ಇಡುವ ಜಾಗ ಅಲ್ಲ, ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಕಂಬವೂ ಅದೇ. ತೆಗೆದ ಕೂಡಲೇ ಮುಂದಿನ ಗೋಡೆ ಬೆರಳಲ್ಲಿ ಒತ್ತಿದರೆ ಬಾಗತೊಡಗಿತು. 20 ಮಿ.ಮೀ. ಅಲ್ಯುಮಿನಿಯಂ ಎಲ್ ಆಂಗಲ್ ತಂದು, ಒಂದನ್ನು ತಳ ಮತ್ತು ಮುಂದಿನ ಗೋಡೆ ಸೇರುವ ಮೂಲೆಗೆ, ಇನ್ನೊಂದನ್ನು ಉಳಿದ ಗೂಡಿನ ಕೆಳಗೆ ಅಡ್ಡಕ್ಕೆ ರಿವೆಟ್ ಮಾಡಿದೆವು. ಬಾಗುವುದು ನಿಂತಿತು.

ಮುಂದಿನ ತಗಡಿನ ತೂತು. ಇದರಲ್ಲಿ ಅಳತೆ ತಪ್ಪಿದರೆ ತಿದ್ದಲು ಆಗುವುದಿಲ್ಲ. 120 ಮಿ.ಮೀ. ಫ್ಯಾನಿನ ಸ್ಕ್ರೂಗಳ ನಡುವೆ 105 ಮಿ.ಮೀ. ಅಂತರ. ಪಕ್ಕಪಕ್ಕದ ಎರಡು ಫ್ಯಾನಿನ ಸ್ಕ್ರೂಗಳ ನಡುವೆ ನಮ್ಮ ರೇಡಿಯೇಟರಿನಲ್ಲಿ 15. ಹಾಗಾಗಿ ಉದ್ದಕ್ಕೆ ತೂತುಗಳು 0, 105, 120, 225ರಲ್ಲಿ ಬರುತ್ತವೆ. ರೇಡಿಯೇಟರಿನ ಮೇಲೆ ದಪ್ಪ ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿ ತೂತಿನ ಅಚ್ಚು ತೆಗೆದೆವು. ಆ ಕಾಗದವನ್ನೇ ತಗಡಿಗೆ ಅಂಟಿಸಿ ಸೆಂಟರ್ ಪಂಚ್ ಹೊಡೆದೆವು. ಸ್ಕೇಲಿನ ಅಳತೆಗಿಂತ ಈ ಅಚ್ಚು ನಂಬಿಕೆಯದು.

ರೇಡಿಯೇಟರ್ ತಗಡಿಗೆ ಒತ್ತಿ ಕೂರುವುದರಿಂದ ಫ್ಯಾನಿನ ಹಾಗೆ ಎರಡು ಗುಂಡು ತೂತು ಬೇಡ, ಉದ್ದನೆಯ ಒಂದು ಕಿಟಕಿ ಬೇಕು. ಸ್ಕ್ರೂಗಳ ಒಳಗೆ 96 ಮಿ.ಮೀ. ಅಗಲ, 235 ಉದ್ದ. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗೀಟು. ನಾಲ್ಕು ಮೂಲೆಗೆ 10 ಮಿ.ಮೀ. ತೂತು ಹಾಕಿ, ಅಲ್ಲಿಂದ ಜಿಗ್ ಸಾ ಬ್ಲೇಡ್ ಇಳಿಸಿದೆವು. ಸಣ್ಣ ಹಲ್ಲಿನ, ಲೋಹದ ಬ್ಲೇಡೇ ಬೇಕು. ಮರದ ಬ್ಲೇಡ್ ಹಾಕಿದರೆ 0.8 ಮಿ.ಮೀ. ತಗಡು ಕುಣಿದು ಹರಿದುಹೋಗುತ್ತದೆ. ಕುಣಿಯದ ಹಾಗೆ ಒಳಗಡೆಯಿಂದ ಮರದ ಹಲಗೆ ಕ್ಲಾಂಪ್ ಮಾಡಿದ್ದೆವು. ಕಟ್ಟಿಂಗ್ ಡಿಸ್ಕ್ ಬಳಸಿದ್ದು ಗೂಡಿನ ಗೋಡೆಗೆ ಮಾತ್ರ, ಅದೂ ಬಯಲಲ್ಲಿ, ಮಾಸ್ಕ್ ಮತ್ತು ಕನ್ನಡಕ ಹಾಕಿಕೊಂಡು. ಈ ತಗಡಿಗೆ ಸತುವಿನ ಲೇಪ ಇರುತ್ತದೆ. ಸುಟ್ಟ ಸತುವಿನ ಹೊಗೆ ಕುಡಿಯುವಂಥದ್ದಲ್ಲ.

ಹಿಂದಿನ ಫ್ಯಾನಿನ ಜಾಗದಲ್ಲೂ ಸಣ್ಣ ತೂತುಗಳ ತಗಡಿನ ಜಾಲರಿ ಇತ್ತು. ಅದನ್ನು ತೆಗೆದು 92 ಮಿ.ಮೀ. ಫ್ಯಾನಿಗೆ ಗುಂಡು ತೂತು ಮಾಡಿ ತಂತಿಯ ಗ್ರಿಲ್ ಹಾಕಿದೆವು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಎಲ್ಲ ಅಂಚಿಗೂ ಅರ ಹಾಕಿ, ಎಮರಿ ಪೇಪರ್ ಉಜ್ಜಿ, ಪ್ರೈಮರ್, ಮೇಲೆ ಸ್ಪ್ರೇ ಪೇಂಟ್. ಕತ್ತರಿಸಿದ ಅಂಚಿನಲ್ಲಿ ಸತುವು ಇರುವುದಿಲ್ಲ, ಬಣ್ಣ ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಮದರ್‌ಬೋರ್ಡ್ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಲೋಹದ ಕಾಲು) ಕೂರುವ ಜಾಗಕ್ಕೆ ಮಾತ್ರ ಬಣ್ಣ ತಾಗದ ಹಾಗೆ ಟೇಪ್ ಹಾಕಿದ್ದೆವು. ಅಲ್ಲಿ ಲೋಹಕ್ಕೆ ಲೋಹ ಮುಟ್ಟಬೇಕು, ಅರ್ಥಿಂಗ್ ಅಲ್ಲಿಂದಲೇ. ಬಣ್ಣಕ್ಕೆ ಮೊದಲು ಒಂದು ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಮೂಲೆ ಮೂಲೆಗೂ ಆಡಿಸಿದೆವು. ಕವರ್ ತಿರುಗಿಸಿ ಎಳೆದರೆ ಅಂಟಿದ ಪುಡಿಯೆಲ್ಲ ಕವರಿನೊಳಗೇ ಉಳಿಯುತ್ತದೆ. ಮಡಿಕೆಗಳ ಸಂದಿಯಿಂದ ಬಂದ ಕಬ್ಬಿಣದ ಪುಡಿ ನೋಡಿ ಗೆಳೆಯ ಸುಮ್ನೆ ನಿಂತುಬಿಟ್ಟ. ಆಮೇಲೆ ಸೋಪು ನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟೆವು.

ಪ್ಲಾಸ್ಟಿಕ್ ಮುಖವನ್ನು ಮರೆಯುವ ಹಾಗಿಲ್ಲ. ಹಳೇ ಕ್ಯಾಬಿನೆಟ್ಟುಗಳಲ್ಲಿ ಉಸಿರು ಕಟ್ಟಿಸುವುದು ಹೆಚ್ಚಾಗಿ ಇದೇ. ಇದರ ತಳದಲ್ಲಿ 60 ಮಿ.ಮೀ. ಉದ್ದ, 3 ಮಿ.ಮೀ. ಅಗಲದ ಎಂಟು ಸೀಳು ಇದ್ದವು. ಲೆಕ್ಕ ಹಾಕಿದರೆ ಒಟ್ಟು 14 ಚದರ ಸೆಂ.ಮೀ. ಒಳಗೆ ನಾವು ಮಾಡಿದ ಕಿಟಕಿ 225 ಚದರ ಸೆಂ.ಮೀ. ಮುಖವನ್ನು ಹಾಗೇ ಬಿಟ್ಟಿದ್ದರೆ ಒಳಗಿನ ಕೆಲಸವೆಲ್ಲ ದಂಡ. ಕೆಳಗಿನ ಭಾಗವನ್ನು ಕಿಟಕಿಯ ಅಳತೆಗೆ ಕತ್ತರಿಸಿ, ಹಿಂದಿನಿಂದ ಅಲ್ಯುಮಿನಿಯಂ ಜಾಲರಿ ಇಟ್ಟು ಅಂಟಿಸಿದೆವು. ಸೊಳ್ಳೆ ಪರದೆಯ ಜಾಲರಿ ಬೇಡ ಅಂದೆ. ಅದರ ಕಣ್ಣು ತೀರಾ ಸಣ್ಣದು, ಧೂಳು ಬೇಗ ಕಟ್ಟುತ್ತದೆ.

ಜೋಡಿಸುವಾಗ

ಜೋಡಣೆ ಬೇಗ ಆಯಿತು. ಕೂಲರನ್ನು ಒಳಗೆ ಹಾಕುವ ಮೊದಲು ಬೇರೆ ಎಸ್‌ಎಂಪಿಎಸ್‌ನ ಹಸಿರು ಮತ್ತು ಕಪ್ಪು ವೈರ್ ಸೇರಿಸಿ, ಪೇಪರ್ ಟವೆಲ್ ಹಾಸಿ ಪಂಪು ಓಡಿಸಿದೆವು. ಸೋರಲಿಲ್ಲ. ಹಳೇ ಕ್ಯಾಬಿನೆಟ್ಟುಗಳಲ್ಲಿ ಪ್ರೊಸೆಸರ್ ಹಿಂದೆ ತಗಡು ಕಟ್ ಆಗಿರುವುದಿಲ್ಲ. ಹಾಗಾಗಿ ಪಂಪಿನ ಬ್ರಾಕೆಟ್ ಕೆಲಸವನ್ನು ಬೋರ್ಡ್ ಹೊರಗಿರುವಾಗಲೇ ಮುಗಿಸಿಕೊಳ್ಳಬೇಕು.

ತುಂಬಾ ಎಚ್ಚರ ಬೇಕಾದದ್ದು ಸ್ಕ್ರೂ ಉದ್ದದಲ್ಲಿ. ಕೂಲರಿನ ಜೊತೆ ಬಂದ 30 ಮಿ.ಮೀ. ಸ್ಕ್ರೂ ಫ್ಯಾನಿನ 25 ಮಿ.ಮೀ. ದಾಟಿ ರೇಡಿಯೇಟರಿಗೆ ಹಿಡಿಯಲು. ತಗಡಿನ ಕಡೆಗೆ 5 ಮಿ.ಮೀ. ಸ್ಕ್ರೂ ಸಾಕು. ಅದಕ್ಕೆ ವಾಷರ್ ಹಾಕಿ. ಉದ್ದನೆಯ ಸ್ಕ್ರೂ ತಗಡಿನ ಕಡೆಯಿಂದ ಹಾಕಿ ಬಿಗಿದರೆ ಅದು ಸೀದಾ ರೇಡಿಯೇಟರಿನ ನೀರಿನ ಕಾಲುವೆಗೆ ಚುಚ್ಚುತ್ತದೆ. ಆಮೇಲೆ ಆ ಕೂಲರ್ ಗುಜರಿಗೇ.

ಪಂಪಿನ ವೈರನ್ನು ಯಾವಾಗಲೂ ಪೂರ್ತಿ ವೋಲ್ಟೇಜ್ ಸಿಗುವ ಹೆಡರಿಗೆ (ಬೋರ್ಡಿನ ಮೇಲಿನ ಪಿನ್‌ಗಳಿಗೆ) ಕೊಡಿ. ಫ್ಯಾನ್ ಮಾತ್ರ ಬಿಸಿ ನೋಡಿ ಹೆಚ್ಚು ಕಡಿಮೆ ಆಗಲಿ.

ಏನು ಸಿಕ್ಕಿತು

ಜುಲೈನಲ್ಲಿ ಕೋಣೆ 28 ಡಿಗ್ರಿ ಇದ್ದಾಗ ಪೂರ್ತಿ 142 ವಾಟ್ ಬಿಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಪ್ರೊಸೆಸರ್ 79 ಡಿಗ್ರಿ. ಮುಂದಿನ ಮೇ ತಿಂಗಳಲ್ಲಿ ಕೋಣೆ 36 ಇದ್ದಾಗ 87. ಮಿತಿ ಮುಟ್ಟಲಿಲ್ಲ, ಆದರೆ ಮೂರೇ ಡಿಗ್ರಿ ದೂರ. ರೇಡಿಯೇಟರ್ ಕೋಣೆಯ ಗಾಳಿಗಿಂತ ತಣ್ಣಗೆ ಏನನ್ನೂ ಮಾಡಲಾರದು. ಕೋಣೆ ಎಂಟು ಡಿಗ್ರಿ ಏರಿದರೆ ಇದೂ ಎಂಟು ಏರುತ್ತದೆ.

ನೀರಿನ ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4,180 ಜೂಲ್ ಬೇಕು. ನಿಮಿಷಕ್ಕೆ ಒಂದು ಲೀಟರ್ ಹರಿದರೆ ಪ್ರತಿ ಡಿಗ್ರಿಗೆ 70 ವಾಟ್ ಹೊತ್ತೊಯ್ಯುತ್ತದೆ. 142 ವಾಟ್ ಅಂದರೆ ನೀರಿಗೆ ಬರೀ ಎರಡು ಡಿಗ್ರಿ. ಅದೇ ನಿಮಿಷಕ್ಕೆ ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್ ಗಾಳಿ ಹರಿದರೂ ಪ್ರತಿ ಡಿಗ್ರಿಗೆ ಸುಮಾರು 18 ವಾಟ್ ಅಷ್ಟೇ. ಆ ಗಾಳಿ ಎಂಟು ಡಿಗ್ರಿ ಬಿಸಿಯಾಗಿ ಒಳಗೆ ಬರುತ್ತದೆ. ಪಂಪು, ನೀರು ಯಾವತ್ತೂ ಅಡ್ಡಿಯಾಗಲಿಲ್ಲ. ನಾವು ಪಟ್ಟ ಶ್ರಮವೆಲ್ಲ ಗಾಳಿಗೆ ದಾರಿ ಮಾಡಲು.

ಎಂಟು ಡಿಗ್ರಿ ಬಿಸಿಯಾದ ಗಾಳಿ ಒಳಗೆ ಬರುತ್ತದೆ ಅಂದೆನಲ್ಲ. ಅದನ್ನು ಗ್ರಾಫಿಕ್ಸ್ ಕಾರ್ಡ್ ಉಸಿರಾಡಬೇಕು. ಜೊತೆಗೆ ಇನ್ನೊಂದು ನಷ್ಟ. ಹಳೇ ಗಿಡ್ಡ ಕೂಲರಿನ ಗಾಳಿ ಸಾಕೆಟ್ ಸುತ್ತಲಿನ ವಿಆರ್‌ಎಂ ಮೇಲೆ ಬೀಳುತ್ತಿತ್ತು. ಪ್ರೊಸೆಸರಿಗೆ ಕರೆಂಟ್ ಹದ ಮಾಡಿಕೊಡುವ ಭಾಗ ಅದು. ವಾಟರ್ ಕೂಲರ್ ಬಂದ ಮೇಲೆ ಅದಕ್ಕೆ ಗಾಳಿಯೇ ಇಲ್ಲ. ಹಿಂದಿನ ತೂತನ್ನು 92 ಮಿ.ಮೀ.ಗೆ ಹಿಗ್ಗಿಸಿದ್ದು ಇದಕ್ಕೇ. ಆ ಫ್ಯಾನ್ ನಿಲ್ಲಿಸಿ ನೋಡಿದಾಗ ವಿಆರ್‌ಎಂ 93 ಡಿಗ್ರಿ ಆಯಿತು, ಓಡಿಸಿದಾಗ 81. ವಾಟರ್ ಕೂಲರ್ ಹಾಕುವವರಲ್ಲಿ ತುಂಬಾ ಜನ ಪ್ರೊಸೆಸರ್ ಡಿಗ್ರಿ ಮಾತ್ರ ನೋಡುತ್ತಾರೆ. ಇದನ್ನೂ ನೋಡಬೇಕು, ಅಲ್ವಾ?

ಕೊನೆಗೆ ನಿಲ್ಲಿಸಿದ ಸೆಟ್ಟಿಂಗ್ 115 ವಾಟ್. ಮೇ ತಿಂಗಳ 36 ಡಿಗ್ರಿಯಲ್ಲೂ ಪ್ರೊಸೆಸರ್ 77 ದಾಟುವುದಿಲ್ಲ. ಫ್ಯಾನ್‌ಗಳು ನಿಮಿಷಕ್ಕೆ 1,100 ಸುತ್ತಿನ ಆಸುಪಾಸಿನಲ್ಲಿ ಇರುತ್ತವೆ. ವೇಗದ ಮಾತು ಹೇಳುವುದಾದರೆ, ಮೊದಲು 70 ನಿಮಿಷ ಹಿಡಿಯುತ್ತಿದ್ದ ಎಕ್ಸ್‌ಪೋರ್ಟ್ ಮೇಜು ಕತ್ತರಿಸಿದ ಮೇಲೆ 67 ಆಯಿತು. ಈಗ 142 ವಾಟ್‌ಗೆ 62, 115 ವಾಟ್‌ಗೆ 65. ಹೌದು, ಅಷ್ಟೇ. ಕೊನೆಯ 27 ವಾಟ್ ಕೊಡುವುದು ಮೂರು ನಿಮಿಷ. ಬರೀ ವೇಗ ಬೇಕು ಅಂತ ಈ ಕೆಲಸಕ್ಕೆ ಇಳಿಯಬೇಡಿ. ಇಲ್ಲಿ ಸಿಕ್ಕ ದೊಡ್ಡ ಲಾಭ ನಿಶ್ಶಬ್ದ. ಎಕ್ಸ್‌ಪೋರ್ಟ್ ಓಡುತ್ತಿರುವಾಗಲೇ ಅದೇ ಕೋಣೆಯಲ್ಲಿ ವಾಯ್ಸ್ ಓವರ್ ರೆಕಾರ್ಡ್ ಆಗುತ್ತಿದೆ.

ಖರ್ಚು ಕೂಲರಿಗೆ ಆರೂವರೆ ಸಾವಿರದ ಹತ್ತಿರ. ಆಂಗಲ್, ಜಾಲರಿ, ರಿವೆಟ್, ಬಣ್ಣ, 92 ಮಿ.ಮೀ. ಫ್ಯಾನ್, ಬಡಗಿಯ ಕೂಲಿ ಎಲ್ಲ ಸೇರಿ ಇನ್ನೊಂದು ಎರಡು ಸಾವಿರ. ಡ್ರಿಲ್, ಜಿಗ್ ಸಾ ನನ್ನ ಹತ್ತಿರ ಇದ್ದವು. ಅವನ್ನೂ ಕೊಳ್ಳಬೇಕಾದರೆ, ಕ್ಯಾಬಿನೆಟ್ ಇಡುವ ಜಾಗಕ್ಕೂ ಕಟ್ಟುಪಾಡು ಇಲ್ಲದಿದ್ದರೆ, ಹೊಸ ಕ್ಯಾಬಿನೆಟ್ ಮತ್ತು ಒಂದು ಒಳ್ಳೇ ಟವರ್ ಕೂಲರೇ ಲಾಭ. ಜಾಗ ಇಕ್ಕಟ್ಟಾಗಿದ್ದು, ತಗಡು ಗಟ್ಟಿ ಇದ್ದು, ಆ ಕ್ಯಾಬಿನೆಟ್ ನಿಮಗೆ ಬೇಕೇ ಬೇಕು ಅನ್ನುವುದಾದರೆ ಧೈರ್ಯವಾಗಿ ಮಾಡಿ.

ಈಗ ನೋಡಿಕೊಳ್ಳುವುದು ಸುಲಭ. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಮುಖ ಎಳೆದು ತೆಗೆದು ರೇಡಿಯೇಟರಿನ ಮೇಲೆ ಮೆತ್ತನೆಯ ಪೇಂಟ್ ಬ್ರಷ್ ಆಡಿಸುತ್ತಾನೆ. ರೆಕ್ಕೆಗಳು ಬಾಗದ ಹಾಗೆ ಮೇಲಿಂದ ಕೆಳಗೆ ಮಾತ್ರ. ಪಂಪು ಎಂದಾದರೂ ಒಂದು ದಿನ ಹೋಗೇ ಹೋಗುತ್ತದೆ, ಎಐಒ ಕೂಲರ್ ಜೀವನಪೂರ್ತಿ ಬಾಳುವ ಸಾಮಾನಲ್ಲ. ಆಗ ಮತ್ತೆ ತಗಡು ಕತ್ತರಿಸಬೇಕಾಗಿಲ್ಲ. ಸ್ಕ್ರೂ ಅಂತರ 15 ಇರುವ ಯಾವುದೇ 240ರ ಕೂಲರ್ ಅದೇ ಎಂಟು ತೂತಿಗೆ ಬರುತ್ತದೆ. ಕೊಳ್ಳುವ ಮೊದಲು ಉದ್ದ 300 ಮಿ.ಮೀ. ಒಳಗಿದೆಯೇ, ನಳಿಗೆ 400 ಇದೆಯೇ ಅಂತ ಅಳೆದು ನೋಡಿದರೆ ಆಯಿತು. ಈ ಎರಡು ಅಂಕಿಗಳನ್ನು ಮಾರ್ಕರಿನಲ್ಲಿ ಪಕ್ಕದ ಬಾಗಿಲಿನ ಒಳಗಡೆ ಬರೆದಿಟ್ಟಿದ್ದೇವೆ.